ಅಮೆರಿಕದ ಅಂಗಳದಲ್ಲಿ ಬಾವುಟ: ಯಾವ ದಿನ, ಯಾವ ಎತ್ತರ, ಯಾರ ಒಪ್ಪಿಗೆ

ಟೆಕ್ಸಾಸ್‌ನ ಉಪನಗರಗಳಲ್ಲಿ ಹೊಸದಾಗಿ ಮನೆ ಕೊಂಡ ಕನ್ನಡಿಗರು ಅಂಗಳದಲ್ಲಿ ಧ್ವಜಸ್ತಂಭ ನೆಡುವ ಉತ್ಸಾಹದಲ್ಲಿ ನಾನು ದಂಡ ತೆತ್ತ ತಪ್ಪನ್ನೇ ಮತ್ತೆ ಮಾಡುತ್ತಿರುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಜುಲೈ 4ರ ವಿಷಯ ಎಲ್ಲರಿಗೂ ಗೊತ್ತು. ಹೊಸಬರು ಎಡವುವುದು ಮೆಮೋರಿಯಲ್ ಡೇಯಲ್ಲಿ. ಮೇ ತಿಂಗಳ ಕೊನೆಯ ಸೋಮವಾರ ಬರುವ ಆ ದಿನ ಸೇವೆಯಲ್ಲಿದ್ದಾಗ ಮಡಿದ ಯೋಧರದು. ಅಂದು ಬೆಳಿಗ್ಗೆ ಬಾವುಟವನ್ನು ಒಮ್ಮೆ ತುದಿಮುಟ್ಟ ಏರಿಸಿ, ಅರ್ಧಕ್ಕಿಳಿಸಿ, ಮಧ್ಯಾಹ್ನ 12ಕ್ಕೆ ಪುನಃ ತುದಿಗೇರಿಸಬೇಕು. ನವೆಂಬರ್ 11ರ ವೆಟರನ್ಸ್ ಡೇ ಸೇನೆಯಲ್ಲಿ ಸೇವೆ ಸಲ್ಲಿಸಿದ ಎಲ್ಲರದೂ ಆದ್ದರಿಂದ ಅಂದು ದಿನವಿಡೀ ಪೂರ್ಣ ಎತ್ತರದಲ್ಲೇ ಇರಲಿ. ರಾತ್ರಿಯೂ ಹಾರಿಸುವುದಾದರೆ ಬೆಳಕು ಬೇಕು, ಇಲ್ಲವಾದರೆ ಸೂರ್ಯಾಸ್ತಕ್ಕೆ ಇಳಿಸಬೇಕು. ಇವನ್ನು ತಪ್ಪಿದರೆ ಸರ್ಕಾರ ದಂಡ ಹಾಕುವುದಿಲ್ಲ; ಆದರೆ ನಿಮ್ಮ ಬೀದಿಯಲ್ಲಿ ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಮನೆಯೊಂದು ಇರಬಹುದು ಎಂಬುದನ್ನು ದಯವಿಟ್ಟು ನೆನಪಿಡಿ.

ದಂಡ ಹಾಕುವುದು ಬಡಾವಣೆಯ ಮನೆಮಾಲೀಕರ ಸಂಘ. ಆಗಸ್ಟ್ 15ಕ್ಕೆ ನಮ್ಮ ತ್ರಿವರ್ಣವನ್ನೂ ಹಾರಿಸಬೇಕೆಂದು ಹೊರಟ ನಾನು ಅಮೆರಿಕದ ಧ್ವಜಸಂಹಿತೆಯನ್ನು ಶ್ರದ್ಧೆಯಿಂದ ಓದಿದ್ದೆ. ಎರಡು ದೇಶಗಳ ಧ್ವಜಗಳನ್ನು ಒಂದರ ಕೆಳಗೊಂದು ಕಟ್ಟಬಾರದು, ಸಮ ಎತ್ತರದ ಬೇರೆಬೇರೆ ಕಂಬಗಳಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಾರಿಸಬೇಕು ಎಂದು ಅದು ಹೇಳುತ್ತದೆ. ಹಾಗೆಯೇ ಎರಡನೆಯ ಕಂಬ ನೆಟ್ಟೆ. ಸಂಹಿತೆಯನ್ನು ಪಾಲಿಸಿದ್ದೇ ಸಂಘದ ನಿಯಮದ ಉಲ್ಲಂಘನೆಯಾಯಿತು. 2006ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನು ಅಮೆರಿಕದ ಧ್ವಜವನ್ನು ಮಾತ್ರ ಸಂಘಗಳ ನಿಷೇಧದಿಂದ ಕಾಪಾಡುತ್ತದೆ. ಟೆಕ್ಸಾಸ್ ಕಾನೂನು ಅದಕ್ಕೆ ರಾಜ್ಯದ ಮತ್ತು ಸೇನಾಪಡೆಗಳ ಧ್ವಜಗಳನ್ನು ಸೇರಿಸಿ, 20 ಅಡಿ ಮೀರದ ಒಂದು ಕಂಬಕ್ಕೆ ಖಾತರಿ ಕೊಡುತ್ತದೆ. ಎರಡನೆಯ ಕಂಬಕ್ಕೂ, ತ್ರಿವರ್ಣಕ್ಕೂ, ನವೆಂಬರ್ 1ರ ನಮ್ಮ ಹಳದಿ-ಕೆಂಪು ಬಾವುಟಕ್ಕೂ ಆ ರಕ್ಷಣೆಯಿಲ್ಲ.

ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಾಗ ನಾನು ದಸರೆಗೆಂದು ಮೈಸೂರಿನಲ್ಲಿದ್ದೆ. ಧ್ವಜವನ್ನು ಆಗಸ್ಟ್ 15ರ ಸಂಜೆಯೇ ಇಳಿಸಿದ್ದರಿಂದ ವಿಷಯ ಮುಗಿಯಿತೆಂದು ಭಾವಿಸಿದ್ದೆ, ಆದರೆ ಕಂಬ ಅಲ್ಲೇ ಇತ್ತು. ವಿಚಾರಣೆ ಕೋರಲು ಇರುವ 30 ದಿನಗಳೂ ಕಳೆದುಹೋಗಿ, 150 ಡಾಲರ್ ದಂಡದ ಮೇಲೆ ಕಾಂಕ್ರೀಟು ಒಡೆಸುವ ಖರ್ಚೂ ಬಿತ್ತು.

ಈ ವಿಷಯದಲ್ಲಿ ಭಾರತದ ವ್ಯವಸ್ಥೆಯೇ ಮೇಲೆಂದು ನನಗನ್ನಿಸುತ್ತದೆ. ಅಲ್ಲಿ ಧ್ವಜಕ್ಕೆ ಅವಮಾನ ಮಾಡಿದರೆ 3 ವರ್ಷದವರೆಗೆ ಸೆರೆವಾಸವಿದೆ, ನಿಜ. ಆದರೆ ನಿಯಮ ದೇಶಕ್ಕೆಲ್ಲ ಒಂದೇ, 2022ರಿಂದ ಮನೆಯ ಮೇಲೆ ಹಗಲುರಾತ್ರಿ ಹಾರಿಸಲೂ ಅವಕಾಶವಿದೆ. ಇಲ್ಲಿ ಧ್ವಜವನ್ನು ಸುಡುವುದೂ ಅಭಿವ್ಯಕ್ತಿ ಸ್ವಾತಂತ್ರ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ತೀರ್ಪು ಕೊಟ್ಟಿದೆ, ಆದರೂ ಅಂಗಳದ ಕಂಬಕ್ಕೆ ನೆರೆಹೊರೆಯವರ ಸಮಿತಿಯ ಅಪ್ಪಣೆ ಬೇಕು.

ಆದ್ದರಿಂದ ಗುಂಡಿ ತೋಡುವ ಮೊದಲು ಸಂಘದ ನಿಯಮಪುಸ್ತಕದಲ್ಲಿ ಕಂಬಗಳ ಸಂಖ್ಯೆ ಮತ್ತು ಜಾಗದ ಭಾಗವನ್ನು ಓದಿ, ಆಗಸ್ಟ್‌ಗಾಗಿ ಮೇ ತಿಂಗಳಲ್ಲೇ ಅರ್ಜಿ ಹಾಕಿ. ಒಪ್ಪಿಗೆ ಬರಹದಲ್ಲಿರಲಿ, ಅಧ್ಯಕ್ಷರು ಬಾಯಿಮಾತಿನಲ್ಲಿ ಹೂಂ ಎಂದದ್ದು ನನ್ನ ನೆರವಿಗೆ ಬರಲಿಲ್ಲ. ಊರಿಗೆ ಹೋಗುವಾಗ ಅಂಚೆಯನ್ನು ತೆರೆದು ನೋಡಲು ಯಾರಿಗಾದರೂ ಒಪ್ಪಿಸಿ ಹೋಗಿ.