ಕೂಲಂಟ್ ಎಲ್ಲಿಂದ ಸೋರುತ್ತಿದೆ? ಹಳೆಯ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರಿಗೆ

ಮೂರು ಸಲ ಬೀಪ್. ಜತೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಕೂಲಂಟ್ ಕಡಿಮೆಯಾಗಿದೆ ಅಂತ ಮಿಟುಕುವ ಕೆಂಪು ದೀಪ. ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಓಡಿಸುವವರಿಗೆ ಈ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹೆಚ್ಚಿನವರು ಆಗ ಮಾಡುವುದು ಒಂದೇ ಕೆಲಸ. ಗಾಡಿ ನಿಲ್ಲಿಸಿ, ಕುಡಿಯುವ ನೀರನ್ನೇ ಕೂಲಂಟ್ ಬಾಟಲಿಗೆ ಸುರಿದು ಮುಂದೆ ಹೋಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಬೀಪ್.

ಕೂಲಂಟ್ ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಅದು ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳೊಳಗೆ ಅದು ಸುಮ್ನೆ ಸುತ್ತುತ್ತಿರುತ್ತದೆ. ಮಟ್ಟ ಮತ್ತೆ ಮತ್ತೆ ಇಳಿಯುತ್ತಿದೆ ಅಂದರೆ ಎಲ್ಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಎಂಜಿನ್ ಒಳಗೇ ಇಳಿಯುತ್ತಿದೆ. ಎಲ್ಲಿ ಅಂತ ಪತ್ತೆ ಮಾಡದೆ ಪಾರ್ಟ್ಸ್ ಬದಲಿಸಲು ಹೋದರೆ ದುಡ್ಡು ಹೋಗುತ್ತದೆ, ಸೋರಿಕೆ ಉಳಿಯುತ್ತದೆ.

2004ರಲ್ಲಿ ನಮ್ಮ ದೇಶಕ್ಕೆ ಬಂದ ಕಾರು ಇದು. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರಿಗೆ 20 ವಾಲ್ವ್, 150 ಬಿಎಚ್‌ಪಿ. ಎಂಜಿನ್ ಗಟ್ಟಿ ಜೀವ. ಆದರೆ ಅದರ ಸುತ್ತ ಇರುವ ಪ್ಲಾಸ್ಟಿಕ್‌ಗೆ ಈಗ ಸುಮಾರು 20 ವರ್ಷ. ದಿನಾ ಬಿಸಿಯಾಗಿ ತಣ್ಣಗಾಗಿ ಅದು ಒಣಗಿದ ತೆಂಗಿನ ಗರಿಯಂತೆ ಪೆಡಸಾಗಿರುತ್ತದೆ. ಸಮಾಧಾನದ ವಿಷಯ ಅಂದರೆ ಇದೇ ಕುಟುಂಬದ ಎಂಜಿನ್ ಫೋಕ್ಸ್‌ವ್ಯಾಗನ್ ಗಾಲ್ಫ್, ಆಡಿ ಟಿಟಿಗಳಲ್ಲೂ ಇತ್ತು. ಹಾಗಾಗಿ ಬಿಡಿಭಾಗಕ್ಕೆ ತೀರಾ ಪರದಾಡಬೇಕಿಲ್ಲ.

ಮೊದಲು ತಣ್ಣಗಾಗಲಿ

ಬಿಸಿ ಎಂಜಿನ್ನಿನ ಕೂಲಂಟ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಬೆಂಗಳೂರಿನಲ್ಲಿ ಒಲೆ ಮೇಲಿಟ್ಟ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಒತ್ತಡ ಇರುವುದರಿಂದ ಅದಕ್ಕಿಂತ ಜಾಸ್ತಿ ಬಿಸಿಯಾದ ಮೇಲೆ ಕುದಿಯುತ್ತದೆ, ಅಲ್ವಾ? ಕಾರಿನಲ್ಲೂ ಅದೇ ಲೆಕ್ಕ. ಒಳಗೆ ಒಂದು ಬಾರ್ ಹೆಚ್ಚು ಒತ್ತಡ ಇದ್ದರೆ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತದೆ, ಒಳಗಿದ್ದದ್ದೆಲ್ಲ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಎರಡು ಮೂರು ಗಂಟೆ ಕಾಯಿರಿ. ಆಮೇಲೂ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಿ. ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಿರುಗಬಹುದು. ಬೆರಳು ಜೋಪಾನ.

ಸೋರಿಕೆ ಹುಡುಕುವುದಕ್ಕೂ ತಣ್ಣಗಿನ ಎಂಜಿನ್ನೇ ಒಳ್ಳೆಯದು. ಬಿಸಿ ಇದ್ದಾಗ ಸಣ್ಣ ಸೋರಿಕೆ ಹೊರಬಂದ ಕೂಡಲೇ ಆವಿಯಾಗಿ ಹೋಗುತ್ತದೆ.

ಹುಡುಕುವ ಕೆಲಸ

ಕೂಲಂಟ್ ಬಾಟಲಿಯ ಮೇಲೆ ಈಗಿನ ಮಟ್ಟಕ್ಕೆ ಒಂದು ಟೇಪ್ ಚೂರು ಅಂಟಿಸಿ. ರಾತ್ರಿ ಎಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿ, ಚಕ್ರ ಎಲ್ಲಿ ಬರುತ್ತದೆ ಅಂತ ಪೆನ್ನಿನಿಂದ ಗುರುತು ಹಾಕಿ. ಬೆಳಿಗ್ಗೆ ರಟ್ಟು ನೋಡಿ. ಬಣ್ಣ, ವಾಸನೆ ಇಲ್ಲದ ತೆಳು ನೀರಾದರೆ ಅದು ಎಸಿಯದು, ಬಿಟ್ಟುಬಿಡಿ. ಗುಲಾಬಿ ಬಣ್ಣ, ಬೆರಳಿಗೆ ಜಾರು, ಸಿಹಿ ವಾಸನೆ ಇದ್ದರೆ ಕೂಲಂಟ್. ಬಾಯಿಗೆ ಇಡಬೇಡಿ, ವಿಷ.

ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತಿದೆ ಅಂದುಕೊಳ್ಳಬೇಡಿ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಒಡೆದ ಹೆಂಚು ಒಂದು ಕಡೆ, ನೀರು ರೀಪು ಹಿಡಿದು ಹರಿದು ಬೀಳುವುದು ಇನ್ನೊಂದು ಕಡೆ. ಟಾರ್ಚ್ ಮತ್ತು ಒಂದು ಪುಟ್ಟ ಕನ್ನಡಿ ಹಿಡಿದು, ಒದ್ದೆಯ ಜಾಡನ್ನು ಕೆಳಗಿಂದ ಮೇಲಕ್ಕೆ ಹಿಡಿದು ಹೋಗಿ. ಒದ್ದೆ ಇರುವ ಎಲ್ಲಕ್ಕಿಂತ ಎತ್ತರದ ಜಾಗವೇ ನಿಮಗೆ ಬೇಕಾದ್ದು. ಒಣಗಿ ಉಪ್ಪಿನಂತೆ ಕಟ್ಟಿದ ಗುಲಾಬಿ ಅಥವಾ ಬಿಳಿ ಪುಡಿ ಕಂಡರೂ ಅದೇ ಸಾಕ್ಷಿ.

ಈ ಎಂಜಿನ್‌ನಲ್ಲಿ ನಾನು ಮೊದಲು ಅನುಮಾನ ಪಡುವುದು ಗೇರ್‌ಬಾಕ್ಸ್ ಕಡೆ, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ತುದಿಗೆ ಕೂತಿರುವ ಕಪ್ಪು ಪ್ಲಾಸ್ಟಿಕ್ ಫ್ಲೇಂಜ್ ಮೇಲೆ. ಹೋಸ್‌ಗಳು ಬಂದು ಸೇರುವ ಜಾಗ ಅದು. ಕೂಲಂಟ್ ಟೆಂಪರೇಚರ್ ಸೆನ್ಸರ್ ಕೂತಿರುವುದೂ ಅಲ್ಲೇ. ಅದು ಬಿರಿದರೆ ಅಥವಾ ಸೆನ್ಸರಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾದರೆ ಕೂಲಂಟ್ ಗೇರ್‌ಬಾಕ್ಸ್ ಮೇಲೆ ಇಳಿಯುತ್ತದೆ. ನೋಡಿದವರಿಗೆ ಗೇರ್‌ಬಾಕ್ಸೇ ಸೋರುತ್ತಿದೆ ಅನ್ನಿಸುತ್ತದೆ.

ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಹಲ್ಲಿನ ಬೆಲ್ಟ್) ಕಡೆಯಿಂದ ಹನಿ ಬೀಳುತ್ತಿದ್ದರೆ ವಾಟರ್ ಪಂಪ್. ಓಡಿಸಿ ನಿಲ್ಲಿಸಿದಾಗ ಮಾತ್ರ ಸಿಹಿ ಸುಟ್ಟ ವಾಸನೆ ಬಂದರೆ ಟರ್ಬೊಗೆ ಹೋಗುವ ಕೂಲಂಟ್ ಪೈಪಿನ ವಾಷರ್ ನೋಡಿ. ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡು ಮಂಜು ಕಟ್ಟಿ, ಕಾಲ ಕೆಳಗಿನ ಕಾರ್ಪೆಟ್ ಒದ್ದೆಯಾಗಿದ್ದರೆ ಹೀಟರ್ ಕೋರ್, ಅಂದರೆ ಹೀಟರಿನೊಳಗಿನ ಪುಟ್ಟ ರೇಡಿಯೇಟರ್. ಡ್ಯಾಶ್‌ಬೋರ್ಡ್ ಬಿಚ್ಚಿಸುವ ಕೆಲಸ ಅದು, ಆ ಕಷ್ಟ ಯಾರಿಗೂ ಬೇಡ. ಬಾಟಲಿಯ ಜೋಡಣೆಯ ಗೆರೆ ಮತ್ತು ಮುಚ್ಚಳವನ್ನೂ ಒಮ್ಮೆ ನೋಡಿಬಿಡಿ.

ಕಣ್ಣಿಗೆ ಏನೂ ಸಿಗದಿದ್ದರೆ ಪ್ರೆಷರ್ ಟೆಸ್ಟರ್ ಬೇಕು. ಸೈಕಲ್ ಪಂಪಿನಂಥ ಸಣ್ಣ ಕೈಪಂಪು, ಜತೆಗೆ ಒಂದು ಮೀಟರ್. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ. ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ, ಒಂದು ಬಾರ್‌ನಷ್ಟು ಗಾಳಿ ತುಂಬಿ, ಕಾಲು ಗಂಟೆ ಬಿಡಿ. ಮುಳ್ಳು ಇಳಿದರೆ ಸೋರಿಕೆ ಇದೆ ಅಂತಲೇ ಅರ್ಥ. ಎಂಜಿನ್ ಆಫ್ ಇರುವುದರಿಂದ ಸುಯ್ ಅನ್ನುವ ಸದ್ದೂ ಕೇಳಿಸೀತು.

ಒಳಗೇ ಹೋಗುತ್ತಿದ್ದರೆ?

ಮುಳ್ಳು ಇಳಿಯುತ್ತಿದೆ, ಹೊರಗೆ ಮಾತ್ರ ಒಂದು ಹನಿಯೂ ಇಲ್ಲ. ಆಗ ಎಲ್ಲರೂ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗಿದೆ ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಬಾಟಲಿಯಲ್ಲಿ ನಿಲ್ಲದ ಗುಳ್ಳೆ ಇದ್ದರೆ ಹೆಡ್ ಗ್ಯಾಸ್ಕೆಟ್ ಇರಬಹುದು. ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ಸೇರುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ. ಆದರೆ ಹೊಗೆಯಿಲ್ಲದೆ ಬಾಟಲಿಯೊಳಗೆ ಕಂದು ಜಿಡ್ಡು ಮಾತ್ರ ಕಂಡರೆ, ಆಯಿಲ್ ಫಿಲ್ಟರ್ ಹತ್ತಿರ ಇರುವ ಆಯಿಲ್ ಕೂಲರ್ ಒಳಗೆ ಒಡೆದಿರಬಹುದು. ಅದರಲ್ಲಿ ಆಯಿಲ್ ಮತ್ತು ಕೂಲಂಟ್ ಅಕ್ಕಪಕ್ಕ ಹರಿಯುತ್ತವೆ. ಹೆಡ್ ಬಿಚ್ಚಿಸುವುದಕ್ಕಿಂತ ಅದು ಎಷ್ಟೋ ಸಣ್ಣ ಕೆಲಸ.

ಫ್ಲೇಂಜ್ ಬದಲಿಸುವುದು

ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಫ್ಲೇಂಜ್, ಅದರ ಓ-ರಿಂಗ್, ಸೆನ್ಸರಿನ ಓ-ರಿಂಗ್ ಮತ್ತು ಕ್ಲಿಪ್ ಎಲ್ಲವನ್ನೂ ಮೊದಲೇ ತಂದಿಟ್ಟುಕೊಳ್ಳಿ. ಎರಡು ರೂಪಾಯಿಯ ರಿಂಗ್ ಉಳಿಸಲು ಹೋಗಿ ಎರಡು ಸಲ ಬಿಚ್ಚಬೇಡಿ.

ಎಂಜಿನ್ ತಣ್ಣಗಿರುವಾಗ ಬ್ಯಾಟರಿ ತೆಗೆಯಿರಿ, ಕೈ ಆಡಿಸಲು ಜಾಗ ಆಗುತ್ತದೆ. ಕೆಳಗೆ ಅಗಲವಾದ ಟಬ್ ಇಟ್ಟು ಕೂಲಂಟ್ ಇಳಿಸಿ. ಹೋಸ್‌ಗಳ ಸ್ಪ್ರಿಂಗ್ ಕ್ಲಾಂಪನ್ನು ಇಕ್ಕಳದಲ್ಲಿ ಒತ್ತಿ ಹಿಂದಕ್ಕೆ ಸರಿಸಿ. ಹೋಸ್ ಅಂಟಿಕೊಂಡಿದ್ದರೆ ಸೀದಾ ಎಳೆಯಬೇಡಿ, ಮೊದಲು ತಿರುಗಿಸಿ ಸಡಿಲ ಮಾಡಿ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ಇರಲಿ. ಸೆನ್ಸರಿನ ಪ್ಲಗ್ ತೆಗೆದು, ಎರಡು ಬೋಲ್ಟ್ ಬಿಚ್ಚಿದರೆ ಫ್ಲೇಂಜ್ ಕೈಗೆ ಬರುತ್ತದೆ. ಕೆಲವು ಸಲ ಚೂರು ಚೂರಾಗಿ ಬರುತ್ತದೆ. ಆಗ ಚೂರೊಂದೂ ಒಳಗೆ ಉಳಿಯದಂತೆ ಹೆಕ್ಕಿ ತೆಗೆಯಿರಿ.

ಹೆಡ್‌ನ ಆ ಮುಖವನ್ನು ಚೆನ್ನಾಗಿ ಒರೆಸಿ. ಚಾಕುವಿನಿಂದ ಕೆರೆಯಬೇಡಿ. ಅಲ್ಯುಮಿನಿಯಂ ಮೇಲೆ ಗೀರು ಬಿದ್ದರೆ ಹೊಸ ರಿಂಗ್ ಕೂಡ ಸೋರುತ್ತದೆ. ರಿಂಗಿಗೆ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಒಂದು ಹನಿ ಕೂಲಂಟ್ ಸವರಿದರೆ ಸಾಕು. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ. ಅಂದರೆ ಸಣ್ಣ ಸ್ಪ್ಯಾನರ್ ಹಿಡಿದು ಎರಡು ಬೆರಳಿನ ಬಲ. ಜಾಸ್ತಿ ಬಿಗಿದರೆ ಹೊಸ ಪ್ಲಾಸ್ಟಿಕ್ ಅಂದೇ ಬಿರಿಯುತ್ತದೆ.

ಪಂಪೇ ಸೋರುತ್ತಿದ್ದರೆ ಅನುಭವಿ ಮೆಕ್ಯಾನಿಕ್‌ಗೆ ಕೊಡಿ. ಈ ಎಂಜಿನ್‌ನಲ್ಲಿ ಅದನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಬೆಲ್ಟ್ ಒಂದು ಹಲ್ಲು ತಪ್ಪಿ ಕೂತರೂ ತೊಂದರೆ. ಬಿಚ್ಚಿದ ಮೇಲೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಶನರ್ ಎರಡನ್ನೂ ಹೊಸದು ಹಾಕಿಸಿ. ಪ್ಲಾಸ್ಟಿಕ್ ರೆಕ್ಕೆಯ ಬದಲು ಲೋಹದ ರೆಕ್ಕೆಯ ಪಂಪು ಸಿಕ್ಕರೆ ಅದನ್ನೇ ತನ್ನಿ.

ತುಂಬುವಾಗ

ಈ ಕಾರಿಗೆ ಬೇಕಾದ್ದು ಜಿ12 ಬಗೆಯ ಕೂಲಂಟ್. ಅಂಗಡಿಯಲ್ಲಿ ಸಿಗುವ ಮಾಮೂಲಿ ಹಸಿರನ್ನು ಅದಕ್ಕೆ ಬೆರೆಸಬಾರದು. ಒಮ್ಮೆ ನಾನೇ ಅವಸರದಲ್ಲಿ ಬೆರೆಸಿ, ಆಮೇಲೆ ಬಾಟಲಿ ತುಂಬ ಕಂದು ಗಂಜಿ ನೋಡಿ ತಲೆ ಚಚ್ಚಿಕೊಂಡಿದ್ದೇನೆ. ಮೂರು ಸಲ ತೊಳೆಯಬೇಕಾಯಿತು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಬೇಡವೇ ಬೇಡ. ಗೀಸರ್ ಕಾಯಿಲಿನ ಮೇಲೆ ಕಟ್ಟುವ ಬಿಳಿ ಗಾರೆಯೇ ರೇಡಿಯೇಟರಿನೊಳಗೂ ಕಟ್ಟುತ್ತದೆ.

ಲಾರಿಯವರು ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಊರು ಸೇರುವ ಉಪಾಯ ಕೇಳಿರುತ್ತೀರಿ. ಘಾಟಿ ನಡುವೆ ಸಿಕ್ಕಿಕೊಂಡವರನ್ನು ನಾನು ಬೈಯುವುದಿಲ್ಲ. ಆದರೆ ಈ ಕಾರಿನ ಹೀಟರ್ ಕೋರ್, ಟರ್ಬೊ ಪೈಪು ಎರಡೂ ಸಣ್ಣ ದಾರಿಗಳು. ಪುಡಿಯಾಗಲಿ, ಡಬ್ಬಿಯಲ್ಲಿ ಬರುವ ಲೀಕ್ ಸ್ಟಾಪ್ ಆಗಲಿ ಮೊದಲು ಕಟ್ಟುವುದು ಅವನ್ನೇ.

ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ನಿಧಾನವಾಗಿ ತುಂಬಿ, ಮುಚ್ಚಳ ಹಾಕಿ ಎಂಜಿನ್ ಶುರು ಮಾಡಿ. ರೇಡಿಯೇಟರಿನ ಕೆಳಗಿನ ಹೋಸ್ ಬಿಸಿಯಾದರೆ ರೇಡಿಯೇಟರಿಗೆ ಕೂಲಂಟ್ ಹರಿಯಲು ಬಿಡುವ ಥರ್ಮೋಸ್ಟಾಟ್ ತೆರೆದಿದೆ ಅಂತ ಅರ್ಥ. ಫ್ಯಾನ್ ಒಮ್ಮೆ ತಿರುಗುವವರೆಗೆ ಬಿಡಿ. ಟೆಂಪರೇಚರ್ ಮುಳ್ಳು 90 ದಾಟಿದರೂ ಹೀಟರಿನಲ್ಲಿ ತಣ್ಣನೆ ಗಾಳಿ ಬರುತ್ತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ಮಟ್ಟ ಸರಿಮಾಡಿ ಮತ್ತೆ ಓಡಿಸಿ.

ಇಳಿಸಿದ ಹಳೆಯ ಕೂಲಂಟನ್ನು ಚರಂಡಿಗೆ ಚೆಲ್ಲಬೇಡಿ. ಬೀದಿ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ಕ್ಯಾನಿನಲ್ಲಿ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಿ.

ಮೊದಲ ಎರಡು ದಿನ ಉಳಿದ ಗಾಳಿ ಹೊರಬಂದು ಮಟ್ಟ ಒಂದಿಷ್ಟು ಇಳಿಯಬಹುದು. ತಣ್ಣಗಿರುವಾಗ ತುಂಬಿಸಿ, ಟೇಪ್ ಹೊಸದಾಗಿ ಅಂಟಿಸಿ. ನಾಲ್ಕನೇ ದಿನವೂ ಮಟ್ಟ ಟೇಪಿನ ಕೆಳಗೆ ಇದ್ದರೆ ಮತ್ತೆ ರಟ್ಟು ಹಾಸಿ.