ವೋ-ಲ-ವಿಕೋಂತ್ ತೋಟವನ್ನು ಕೊನೆಯವರೆಗೂ ನೋಡುವುದು ಹೇಗೆ?

ಪ್ಯಾರಿಸ್‌ಗೆ ಹೋದವರು ಅಲ್ಲೇ ಹತ್ತಿರದ ಹಳೆಯ ಬಂಗಲೆ, ತೋಟ ವೋ-ಲ-ವಿಕೋಂತ್ ಕೂಡ ನೋಡಿ ಬಂದೆವು ಅಂದರೆ ನಾನು ಕೇಳುವುದು ಒಂದೇ ಮಾತು: "ತೋಟದ ತುದಿಯ ಹರ್ಕ್ಯುಲಿಸ್ ಪ್ರತಿಮೆ ತನಕ ನಡೆದ್ರಾ?" ಇಲ್ಲ ಅನ್ನುವವರೇ ಜಾಸ್ತಿ. ನಮ್ಮ ಅಕ್ಕ-ಭಾವನೂ ಅರ್ಧಕ್ಕೇ ತಿರುಗಿ ಬಂದರು. ಅಷ್ಟು ದೂರ ಹೋಗಿ ಅಸಲಿ ತೋಟ ನೋಡದೆ ಬಂದರಲ್ಲ ಅಂತ ನನಗೆ ಇವತ್ತಿಗೂ ಸಂಕಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಲುಪುವುದು

ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಸುಮಾರು 55 ಕಿ.ಮೀ. ಗಾರ್ ದ ಲಿಯೋಂ ನಿಲ್ದಾಣದಿಂದ ಮೆಲನ್‌ಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಬಸ್ ನಂಬಿಕೊಂಡರೆ ಅವತ್ತು ಇದೆಯಾ, ಕೊನೆಯದು ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಇದನ್ನೂ ಫೋಂಟೆನ್‌ಬ್ಲೋ ಅರಮನೆಯನ್ನೂ ಒಂದೇ ದಿನಕ್ಕೆ ತುರುಕುವ ಪ್ಯಾಕೇಜ್ ಮಾತ್ರ ಬೇಡವೇ ಬೇಡ. ಎರಡೂ ಅರ್ಧಂಬರ್ಧ ಆಗುತ್ತವೆ.

ಕಾಲಿಗೆ ಹಳೆಯ, ಒಗ್ಗಿದ ಶೂ ಇರಲಿ. ದಾರಿಯೆಲ್ಲ ಸಣ್ಣ ಜಲ್ಲಿ. ತೆಳು ಅಟ್ಟೆಯ ಚಪ್ಪಲಿಯಲ್ಲಿ ಅರ್ಧ ಗಂಟೆಗೇ ಅಂಗಾಲು ಉರಿಯುತ್ತದೆ.

ಮನೆಯ ಒಳಗೆ

ಒಂದು ಗಂಟೆ ಸಾಕು. ಇದನ್ನು ಕಟ್ಟಿಸಿದವನು ಫ್ರಾನ್ಸ್ ರಾಜ 14ನೇ ಲೂಯಿಯ ಹಣಕಾಸು ನೋಡಿಕೊಳ್ಳುತ್ತಿದ್ದ ನಿಕೊಲಾ ಫೂಕೆ. ಕಟ್ಟಡ ಲೂಯಿ ಲ ವೋನದು, ಚಿತ್ರ ಶಾರ್ಲ್ ಲ ಬ್ರಂನದು, ತೋಟ ಆಂದ್ರೆ ಲ ನೋತ್ರ್‌ನದು. 1661ರ ಆಗಸ್ಟ್ 17ರಂದು ಫೂಕೆ ರಾಜನಿಗೆ ಇಲ್ಲಿ ದೊಡ್ಡ ಔತಣ ಕೊಟ್ಟ. ಮೂರು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 5ಕ್ಕೆ, ರಾಜ ಅವನನ್ನು ಬಂಧಿಸಿದ. ಆಮೇಲೆ ಆ ಮೂವರು ಕಲಾವಿದರನ್ನೂ ತನ್ನ ವರ್ಸೇಲ್ಸ್ ಅರಮನೆಯ ಕೆಲಸಕ್ಕೆ ಕರೆಸಿಕೊಂಡ. ಫೂಕೆ 1680ರಲ್ಲಿ ಸೆರೆಯಲ್ಲೇ ತೀರಿಕೊಂಡ. ಅಂಡಾಕಾರದ ದೊಡ್ಡ ಹಜಾರದಲ್ಲಿ ಒಂದು ನಿಮಿಷ ತಲೆಯೆತ್ತಿ ನೋಡಿ. ಲ ಬ್ರಂ ಯೋಚಿಸಿಟ್ಟಿದ್ದ ಚಿತ್ರ ಆ ಚಾವಣಿಗೆ ಬರಲೇ ಇಲ್ಲ.

ತೋಟ: ಎಲ್ಲರೂ ಎಡವುವುದು ಇಲ್ಲೇ

ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಾಗ ಇಡೀ ತೋಟ ಕಣ್ಣಿಗೆ ಬಿತ್ತು ಅನ್ನಿಸುತ್ತದೆ. ಹೂಹಾಸು, ಕೊಳ, ಅದರ ಅಂಚಿಗೆ ಒತ್ತಿಕೊಂಡಂತೆ ಕಲ್ಲಿನ ಕಮಾನುಗಳು, ಮೇಲೆ ಹುಲ್ಲಿನ ದಿಬ್ಬ, ತುದಿಯಲ್ಲಿ ಚಿನ್ನದ ಬಣ್ಣದ ಹರ್ಕ್ಯುಲಿಸ್. ಹತ್ತು ನಿಮಿಷದ ನಡಿಗೆ ಅಂದುಕೊಳ್ಳುತ್ತೇವೆ ಅಲ್ವಾ? ಲ ನೋತ್ರ್ ನಮ್ಮ ಕಣ್ಣು ಕಟ್ಟಿರುವುದೇ ಹಾಗೆ. ದೂರದ ಕೊಳಗಳನ್ನು ಹತ್ತಿರದವಕ್ಕಿಂತ ದೊಡ್ಡದಾಗಿ ಮಾಡಿದ್ದಾನೆ. ನೆಲವನ್ನು ಹಂತ ಹಂತವಾಗಿ ತಗ್ಗಿಸಿದ್ದಾನೆ. ಹಾಗಾಗಿ ದೂರದ್ದು ಹತ್ತಿರ ಕಾಣುತ್ತದೆ.

ನಡುದಾರಿಯಲ್ಲೇ ನಡೆಯಿರಿ. ನೆರಳಿದೆ ಅಂತ ಪಕ್ಕದ ಮರಗಳ ಕಡೆ ಹೋದರೆ ಈ ಆಟ ಕಾಣುವುದಿಲ್ಲ. ಚೌಕದ ಕೊಳದ ಆಚೆ ಅಂಚಿಗೆ ಹೋಗಿ ಹಿಂತಿರುಗಿ ನೋಡಿ. ಗಾಳಿ ಇಲ್ಲದಿದ್ದರೆ ಆ ಅಷ್ಟು ದೂರದ ಮನೆ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಈಗ ಮುಂದೆ ನೋಡಿ. ಕೊಳಕ್ಕೆ ಅಂಟಿಕೊಂಡಿದ್ದ ಕಮಾನುಗಳು ಹಿಂದಕ್ಕೆ ಸರಿದಿರುತ್ತವೆ. ಇನ್ನೊಂದಿಷ್ಟು ನಡೆದರೆ ಕಾಲ ಕೆಳಗೇ ನೆಲ ಮುಗಿದು, ಸುಮಾರು ಒಂದು ಕಿ.ಮೀ. ಉದ್ದದ ಕಾಲುವೆ! ಮನೆಯಿಂದ ಅದರ ಸುಳಿವೇ ಇರಲಿಲ್ಲ.

ಇಲ್ಲಿ ದಾಟಲು ಸೇತುವೆ ಇಲ್ಲ. ನಮ್ಮ ಭಾವ ವಾಪಸಾಗಿದ್ದು ಇಲ್ಲಿಂದಲೇ. ನೀವು ಹಾಗೆ ಮಾಡಬೇಡಿ. ಮೆಟ್ಟಿಲು ಇಳಿದು ಮೊದಲು ಹಿಂದೆ ತಿರುಗಿ. ಇಷ್ಟು ಹೊತ್ತು ನೀವು ನಿಂತಿದ್ದ ಕಟ್ಟೆಯ ಗೋಡೆಯಲ್ಲೇ ಕಾರಂಜಿಗಳ ಸಾಲಿದೆ. ಆಮೇಲೆ ಕಾಲುವೆಯ ತುದಿ ಸುತ್ತಿಕೊಂಡು ಆಚೆ ದಡಕ್ಕೆ ಹೋಗಿ. ಒಂದು ತುದಿ ದುಂಡಗಿದೆ, ಅದಕ್ಕೆ ಅಲ್ಲಿಯವರು ಬಾಣಲೆ ಅಂತಲೇ ಹೆಸರಿಟ್ಟಿದ್ದಾರೆ. ಕಮಾನುಗಳ ಎರಡು ಬದಿಗೆ ಒರಗಿದ ಎರಡು ನದಿದೇವತೆಗಳಿವೆ. ಒಂದು ರೋಮ್‌ನ ಟೈಬರ್. ಇನ್ನೊಂದು ಆಂಕೆಯ್, ಈ ಕಾಲುವೆಗೆ ನೀರು ಕೊಡುವ ಊರ ಹೊಳೆ. ಒಂದು ಪುಟ್ಟ ಹೊಳೆಯನ್ನು ಟೈಬರ್‌ಗೆ ಸಮ ಕೂರಿಸಿದ್ದು ನನಗೆ ತುಂಬಾ ಹಿಡಿಸಿತು.

ಕಮಾನುಗಳಿಂದ ದಿಬ್ಬ ಹತ್ತಿ, ಹರ್ಕ್ಯುಲಿಸ್ ಕಾಲ ಬುಡದಲ್ಲಿ ಕೂತು ನೀರು ಕುಡಿಯಿರಿ. ಹೊರಟ ಮನೆ ಈಗ ಬೆಂಕಿಪೊಟ್ಟಣದಷ್ಟು. ಹೋಗಿಬರಲು ಎರಡು ಗಂಟೆ ಮೀಸಲಿಡಿ. ಮಂಡಿ ನೋವಿದ್ದವರು ಬಾಡಿಗೆಯ ಬ್ಯಾಟರಿ ಗಾಡಿ ತೆಗೆದುಕೊಳ್ಳಲಿ, ಅದರಲ್ಲಿ ಸಂಕೋಚ ಬೇಡ. ಉಳಿದವರು ನಡೆಯಲೇಬೇಕು. ಕಮಾನು ಹಿಂದೆ ಸರಿಯುವುದು ಕಾಲ್ನಡಿಗೆಯ ವೇಗಕ್ಕೇ ಚೆನ್ನ.

ಬೇಸಿಗೆಯ ಶನಿವಾರ ಸಂಜೆಗಳಲ್ಲಿ ಮನೆ, ತೋಟಕ್ಕೆಲ್ಲ ಮೇಣದಬತ್ತಿ ಹಚ್ಚುತ್ತಾರೆ. ನೋಡಲು ಚಂದವೇ. ಆದರೆ ಕತ್ತಲಾದ ಮೇಲೆ ಬಂದರೆ ಕಾಲುವೆಯ ಆಟ ಕಾಣದು. ಮಧ್ಯಾಹ್ನವೇ ಬಂದು ತೋಟ ಮುಗಿಸಿ, ಆಮೇಲೆ ದೀಪಕ್ಕೆ ಉಳಿಯಿರಿ. ವಾಪಸ್ ಬರುವಾಗ ಮರಗಳ ಪಕ್ಕದ ದಾರಿ ಹಿಡಿಯಬಹುದು. ಆಗ ನೆರಳು ಬೇಕೇ ಬೇಕು.