ಎರಡು ಕ್ಯೂಬಿಟ್‌ಗಳ ಎಂಟ್ಯಾಂಗಲ್‌ಮೆಂಟ್: ನಾನು ಲೆಕ್ಕ ಹಾಕುವ ಬಗೆ

ಎಂಟ್ಯಾಂಗಲ್‌ಮೆಂಟ್ ಅಂದರೆ ಎರಡು ಕ್ಯೂಬಿಟ್‌ಗಳನ್ನು (ಎರಡು ಮಟ್ಟಗಳ ಕ್ವಾಂಟಮ್ ಘಟಕಗಳನ್ನು) ಬಿಡಿಬಿಡಿಯಾಗಿ ವಿವರಿಸಲಾಗದಂಥ ಹೆಣಿಕೆ. ಅವುಗಳ ಸ್ಥಿತಿಯನ್ನು ಬರೆದಿಡುವ ಡೆನ್ಸಿಟಿ ಮ್ಯಾಟ್ರಿಕ್ಸ್ ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಪರೀಕ್ಷೆ ಪಾರ್ಶಿಯಲ್ ಟ್ರಾನ್ಸ್‌ಪೋಸ್. 1996ರಲ್ಲಿ ಆಶರ್ ಪೆರೆಸ್ ಕೊಟ್ಟದ್ದು ಇದು. ಎರಡನೇ ಕ್ಯೂಬಿಟ್‌ನ ಇಂಡೆಕ್ಸ್‌ಗಳನ್ನು ಮಾತ್ರ ಅದಲುಬದಲು ಮಾಡಿದಾಗ ಒಂದೇ ಒಂದು ಐಗನ್ ಬೆಲೆ (ದಿಕ್ಕು ಬದಲಾಗದ ವೆಕ್ಟರನ್ನು ಮ್ಯಾಟ್ರಿಕ್ಸ್ ಎಷ್ಟು ಪಟ್ಟು ಮಾಡುತ್ತದೆ ಎಂಬ ಅಂಕಿ) ಋಣವಾದರೂ ಎಂಟ್ಯಾಂಗಲ್‌ಮೆಂಟ್ ಇದೆ. ಎರಡೂ ಘಟಕಗಳಿಗೆ ತಲಾ 2 ಮಟ್ಟ (2×2), ಇಲ್ಲವೇ ಒಂದಕ್ಕೆ 2, ಇನ್ನೊಂದಕ್ಕೆ 3 ಮಟ್ಟ (2×3) ಇದ್ದಾಗ ಋಣ ಬಾರದಿದ್ದರೆ ಇಲ್ಲವೆಂದೇ ಹೇಳಬಹುದು. ಇದನ್ನು ಅದೇ ವರ್ಷ ಸಾಧಿಸಿದವರು ಪೋಲೆಂಡಿನ ಹೊರೊಡೆಕಿ ತಂದೆ ಮತ್ತು ಇಬ್ಬರು ಮಕ್ಕಳು.

ಪೈಥಾನ್‌ನ ಗಣಿತ ಲೈಬ್ರರಿ ನಂಪೈಯಲ್ಲಿ ಇದು ಒಂದು ಸಾಲಿನ ಕೆಲಸ, ಎಡವುವುದೂ ಅಲ್ಲೇ. 4×4 ಮ್ಯಾಟ್ರಿಕ್ಸನ್ನು 2,2,2,2 ಎಂದು ರೀಶೇಪ್ ಮಾಡಿ, ಅಕ್ಷಗಳನ್ನು 0,3,2,1 ಕ್ರಮದಲ್ಲಿಟ್ಟು, ಮತ್ತೆ 4×4ಕ್ಕೆ ತರಬೇಕು. ಕ್ರಮ ತಪ್ಪಿದರೂ ಎರರ್ ಬರುವುದಿಲ್ಲ. ಅದಕ್ಕೇ ಹೊಸ ಕೋಡನ್ನು ಮೊದಲು ವರ್ನರ್ ಸ್ಥಿತಿಯ ಮೇಲೆ ಓಡಿಸುತ್ತೇನೆ: ಪಿ ಪಾಲು ಸಿಂಗ್ಲೆಟ್ (ಪೂರ್ತಿ ಎಂಟ್ಯಾಂಗಲ್ ಆದ ಒಂದು ಜೋಡಿ ಸ್ಥಿತಿ), ಉಳಿದದ್ದು ಬರೀ ನಾಯ್ಸ್. ಬರಬೇಕಾದ ಬೆಲೆಗಳು ಒಂದು (1−3ಪಿ)/4, ಮೂರು (1+ಪಿ)/4. ಪಿ 0.5 ಆದರೆ −0.125 ಮತ್ತು ಮೂರು 0.375. ಬದಲಿಗೆ 0.625 ಮತ್ತು ಮೂರು 0.125 ಕಂಡರೆ, 2,3,0,1 ಎಂದು ಬರೆದು ಇಡೀ ಮ್ಯಾಟ್ರಿಕ್ಸನ್ನೇ ತಿರುಗಿಸಿದ್ದೀರಿ. ಬೆಲೆಗಳ ಮೊತ್ತ 1ರ ಬದಲು 0.25 ಬಂದರೆ ಕ್ರಮ 0,2,1,3 ಆಗಿದೆ. ಇದು ಹೆಚ್ಚು ಅಪಾಯದ್ದು, ಏಕೆಂದರೆ ಎಂಟ್ಯಾಂಗಲ್‌ಮೆಂಟ್ ಇಲ್ಲದ ಪಿ 0.2ರಲ್ಲೂ ಋಣ ಬೆಲೆ ತೋರಿಸುತ್ತದೆ.

ಪಿ ಸರಿಯಾಗಿ 1/3 ಇದ್ದಾಗ ಸೊನ್ನೆ ಬರಬೇಕಾದ ಕಡೆ −10⁻¹⁷ರಂಥ ಅಂಕಿ ಬರಬಹುದು. ಅದು ದಶಮಾಂಶದ ಧೂಳು. −10⁻¹⁰ಕ್ಕಿಂತ ಕೆಳಗಿಳಿದರೆ ಮಾತ್ರ ಋಣವೆಂದು ಎಣಿಸುತ್ತೇನೆ.

ಪ್ರಯೋಗಾಲಯದ ಟೊಮೊಗ್ರಫಿಯಿಂದ (ಹಲವು ಅಳತೆಗಳಿಂದ ಸ್ಥಿತಿಯನ್ನು ಕಟ್ಟುವ ವಿಧಾನದಿಂದ) ಬಂದ ಮ್ಯಾಟ್ರಿಕ್ಸ್ ಆದರೆ, ಮೊದಲು ಅದರದ್ದೇ ಐಗನ್ ಬೆಲೆ ನೋಡಿ. ಎಣಿಕೆಗಳು ಕಡಿಮೆಯಿದ್ದಾಗ ನೇರ ವಿಲೋಮದಿಂದ (ಅಳತೆಯ ಸಮೀಕರಣಗಳನ್ನು ಹಾಗೇ ಬಿಡಿಸಿ) ಕಟ್ಟಿದ ಮ್ಯಾಟ್ರಿಕ್ಸಿನಲ್ಲೇ ಋಣ ಬೆಲೆ ಕೂತಿರಬಹುದು. ಅಂಥದ್ದರ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ.

3×3ಕ್ಕೆ ಹೋದರೆ ಋಣ ಬಾರದಿದ್ದ ಮಾತ್ರಕ್ಕೆ ಏನೂ ಹೇಳಲಾಗದು. ‘ಟೈಲ್ಸ್’ ಎಂಬ ಐದು ಪ್ರಾಡಕ್ಟ್ (ಹೆಣಿಕೆಯಿಲ್ಲದ) ವೆಕ್ಟರ್‌ಗಳನ್ನು ತೆಗೆದು, ಉಳಿದ 4 ಆಯಾಮಗಳನ್ನು ಸಮನಾಗಿ ಬೆರೆಸಿದ ಸ್ಥಿತಿ ಎಂಟ್ಯಾಂಗಲ್ ಆಗಿದ್ದರೂ ಈ ಪರೀಕ್ಷೆಗೆ ಸಿಗುವುದಿಲ್ಲ. ಅಲ್ಲಿ ಕೈಹಿಡಿಯುವುದು ರೀಅಲೈನ್‌ಮೆಂಟ್, ಅಂದರೆ ಮೇಲೆ ತಪ್ಪೆಂದ ಅದೇ 0,2,1,3. ಆದರೆ ಐಗನ್ ಬೆಲೆ ಬಿಟ್ಟು ಸಿಂಗ್ಯುಲರ್ ಬೆಲೆಗಳನ್ನು (ಮ್ಯಾಟ್ರಿಕ್ಸಿನ, ಎಂದೂ ಋಣವಾಗದ ಇನ್ನೊಂದು ಬಗೆಯ ಬೆಲೆಗಳನ್ನು) ಕೂಡಿಸಬೇಕು. ಮೊತ್ತ 1ನ್ನು ದಾಟಿದರೆ ಎಂಟ್ಯಾಂಗಲ್‌ಮೆಂಟ್ ಖಚಿತ. ಟೈಲ್ಸ್ ಸ್ಥಿತಿಗೆ ಸುಮಾರು 1.087 ಬರುತ್ತದೆ.